ಮೈಕಿನಲ್ಲಿ ಗತವೈಭವ, ಕೆರೆ ಏರಿಯಲ್ಲಿ ಬಟ್ಟೆ ಒಗೆಯುವ ಕಲ್ಲು!



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಬೀದಿಗಳಲ್ಲಿ ಪೆಂಡಾಲು ಏಳುತ್ತದೆ. ಹಳದಿ ಕೆಂಪು ಬಾವುಟ ಹಾರುತ್ತದೆ. ಮೈಕು ಕೈಗೆ ಸಿಕ್ಕವರೆಲ್ಲ ಮಯೂರವರ್ಮನನ್ನು ನೆನೆಯುತ್ತಾರೆ, ಇಮ್ಮಡಿ ಪುಲಕೇಶಿಯನ್ನು ನೆನೆಯುತ್ತಾರೆ, ವಿಷ್ಣುವರ್ಧನನನ್ನು, ಕೃಷ್ಣದೇವರಾಯನನ್ನು ನೆನೆಯುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ನಮ್ಮ ನಾಡಿತ್ತು ಎಂದು ಗುಡುಗುತ್ತಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಆರ್ಕೆಸ್ಟ್ರಾ. ಆಮೇಲೆ ಊಟ. ಡಿಸೆಂಬರ್ ಒಂದನೇ ತಾರೀಖಿಗೆ ಪೆಂಡಾಲಿನ ಗೂಟ ನೆಟ್ಟ ಗುಂಡಿಯೂ ಮುಚ್ಚಿಹೋಗಿರುತ್ತದೆ!

ನಾನು ಹೊರಗೆ ನಿಂತು ಆಡಿಕೊಳ್ಳುತ್ತಿಲ್ಲ. ಇಂಥ ಪೆಂಡಾಲಿಗೆ ಕಂಬ ಹೊತ್ತವನು ನಾನು. ಚಂದಾ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗಿದವನು ನಾನು. ಆದ್ದರಿಂದ ನಿಮ್ಮನ್ನು ಒಂದು ಪ್ರಶ್ನೆ ಕೇಳುವ ಹಕ್ಕು ನನಗಿದೆ. ನಿಮ್ಮ ಊರಿನ ಕೆರೆ ಏರಿಯ ಮೇಲೋ, ಹಳೇ ಗುಡಿಯ ಹಿಂದೆಯೋ, ಹೊಲದ ಬದುವಿನಲ್ಲೋ ಒಂದು ಕೆತ್ತಿದ ಕಲ್ಲು ಇದೆಯಲ್ಲ, ಅದರ ಮೇಲೆ ಏನು ಬರೆದಿದೆ? ಯಾವತ್ತಾದರೂ ಬಗ್ಗಿ ನೋಡಿದ್ದೀರಾ?

ನೋಡಿರುವುದಿಲ್ಲ. ನಾಚಿಕೊಳ್ಳಬೇಡಿ, ನಲವತ್ತು ವರ್ಷದವರೆಗೆ ನಾನೂ ನೋಡಿರಲಿಲ್ಲ.

ಲೇತು ತಿರುಗಿಸುವವನಿಗೆ ಶಾಸನದ ಹುಚ್ಚು

ನಾನು ಇತಿಹಾಸದ ಮೇಷ್ಟರಲ್ಲ, ಸಂಶೋಧಕನಲ್ಲ. ಐ.ಟಿ.ಐ. ಮುಗಿಸಿ ಕಾರ್ಖಾನೆಯಲ್ಲಿ ಲೇತು ತಿರುಗಿಸಿ ನಿವೃತ್ತನಾದವನು. ಒಮ್ಮೆ ಮಾವನ ಮನೆಗೆ ಹಬ್ಬಕ್ಕೆ ಹೋಗಿದ್ದೆ. ಊಟವಾದ ಮೇಲೆ ಹೊತ್ತು ಹೋಗದೆ ಊರ ಮುಂದಿನ ಗುಡಿಯ ಕಡೆ ನಡೆದೆ. ಅಲ್ಲೊಂದು ಕಲ್ಲು. ಸಂಜೆಯ ಓರೆ ಬಿಸಿಲು ಅದರ ಮೇಲೆ ಬಿದ್ದಿತ್ತು. ಗೀಚಿದ ಹಾಗೆ ಕಾಣುತ್ತಿದ್ದ ಗೆರೆಗಳ ನಡುವೆ ಒಂದು ಅಕ್ಷರ ಇದ್ದಕ್ಕಿದ್ದಂತೆ ಎದ್ದು ಕಂಡಿತು. ‘ಶ್ರೀ’! ಅದರ ಹಿಂದೆ ನೋಡಿದರೆ ‘ಸ್ವಸ್ತಿ’. ಅಷ್ಟೇ. ಅವತ್ತು ಓದಲಾದದ್ದು ಆ ಎರಡೇ ಪದ. ಆದರೆ ಬಂಧುಗಳೇ, ಎಂಟು ನೂರು ವರ್ಷದ ಹಿಂದೆ ಒಬ್ಬ ಕಲ್ಲುಕುಟಿಗ ಉಳಿ ಹಿಡಿದು ಕೆತ್ತಿದ್ದನ್ನು ನಾನು, ಅವನ ಭಾಷೆಯಾಡುವವನು, ಎದುರು ಕುಳಿತು ಓದಿದೆನಲ್ಲ, ಆ ಸುಖಕ್ಕೆ ಯಾವ ಸಿನಿಮಾ ಸಮ? ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಭಾನುವಾರಗಳೆಲ್ಲ ಕಲ್ಲಿಗೆ ಮೀಸಲಾದವು. ಮೊದಲು ಸೈಕಲ್, ಆಮೇಲೆ ಮೊಪೆಡ್. ಮನೆಯವಳು ಬುತ್ತಿ ಕಟ್ಟಿಕೊಡುತ್ತಾ, “ಜನ ದೇವರನ್ನು ನೋಡೋಕೆ ಗುಡಿಗೆ ಹೋದರೆ ನೀವು ಹೊಸಿಲು ನೋಡೋಕೆ ಹೋಗ್ತೀರಿ” ಎಂದು ನಗುತ್ತಿದ್ದಳು. ನಿಜವೇ. ಎಷ್ಟೋ ಶಾಸನಗಳು ಗುಡಿಯ ಹೊಸಿಲಾಗಿ, ಮೆಟ್ಟಿಲಾಗಿ, ಚಪ್ಪಡಿಯಾಗಿ ಬಿದ್ದಿವೆ!

ಇದು ಡಿಗ್ರಿ ಇದ್ದವರ ಸೊತ್ತಲ್ಲ

“ಅದೆಲ್ಲ ಪಂಡಿತರ ಕೆಲಸ ಸಾರ್, ನಮಗೇಕೆ?” ಎನ್ನುವವರಿಗೆ ಒಂದಷ್ಟು ವಿಚಾರ ಹೇಳುತ್ತೇನೆ, ಕೇಳಿ.

ಭಾರತದ ಅತಿ ಹಳೆಯ ಲಿಪಿಗಳಲ್ಲಿ ಒಂದಾದ ಬ್ರಾಹ್ಮಿಯ ಗುಟ್ಟನ್ನು ೧೮೩೭ರಲ್ಲಿ ಒಡೆದ ಜೇಮ್ಸ್ ಪ್ರಿನ್ಸೆಪ್ ಎಲ್ಲಿ ಕೆಲಸ ಮಾಡುತ್ತಿದ್ದ ಗೊತ್ತೆ? ಕಲ್ಕತ್ತೆಯ ಟಂಕಸಾಲೆಯಲ್ಲಿ. ನಾಣ್ಯದ ಬೆಳ್ಳಿ ಬಂಗಾರ ಒರೆಗೆ ಹಚ್ಚುವುದು ಅವನ ನೌಕರಿ. ಶಾಸನ ಓದುವುದು ಬಿಡುವಿನ ಕೆಲಸ. ಬಂಡೆಗಳ ಮೇಲೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ಕರೆದುಕೊಂಡ ರಾಜನೇ ಮೌರ್ಯ ಚಕ್ರವರ್ತಿ ಅಶೋಕ ಎಂದು ಸಿಂಹಳದ ಹಳೆಯ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಆದರೆ ಆ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರನ್ನೂ ಹೊತ್ತ ಬಂಡೆಶಾಸನ ಮೊದಲು ಸಿಕ್ಕಿದ್ದು ಎಲ್ಲಿ? ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ೧೯೧೫ರಲ್ಲಿ! ಕಂಡುಹಿಡಿದವನು ಬೀಡನ್ ಎಂಬ ಗಣಿ ಎಂಜಿನಿಯರು. ಚಿನ್ನದ ಅದಿರು ಹುಡುಕುತ್ತಾ ಗುಡ್ಡ ಅಲೆಯುವಾಗ ಅವನಿಗೆ ಚಿನ್ನಕ್ಕಿಂತ ದೊಡ್ಡದು ಸಿಕ್ಕಿತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಗಳಲ್ಲೂ ಅಶೋಕನ ಹೆಸರು ಸಿಕ್ಕಿತು. ಆ ಶಾಸನಗಳ ಭಾಷೆ ಪ್ರಾಕೃತ, ಕನ್ನಡವಲ್ಲ. ಆದರೆ ಕಲ್ಲು ಮಾತ್ರ ನಮ್ಮ ನೆಲದ್ದು.

ಪ್ರಿನ್ಸೆಪ್ ಬ್ರಾಹ್ಮಿ ಓದಿದ ಅದೇ ೧೮೩೭ರಲ್ಲಿ ಬೆಂಗಳೂರಿನಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಒಂದು ಮಗು ಹುಟ್ಟಿತು. ಅದೇ ಮುಂದೆ ಬಿ.ಎಲ್. ರೈಸ್ ಆಯಿತು. ರೈಸ್ ಸಾಹೇಬರು ನೌಕರಿಗೆ ಸೇರಿದ್ದು ವಿದ್ಯಾ ಇಲಾಖೆಗೆ. ಶಾಲೆಗಳ ತನಿಖೆ ಅವರ ಕೆಲಸ. ಶಾಲೆ ನೋಡಲು ಹೋದ ಊರಿನಲ್ಲಿ ಕಲ್ಲನ್ನೂ ನೋಡಿದರು. ಆ ಹುಚ್ಚೇ ಬೆಳೆದು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಹನ್ನೆರಡು ಸಂಪುಟಗಳಾಯಿತು. ಹಳೇ ಮೈಸೂರು ಸೀಮೆ ಮತ್ತು ಕೊಡಗಿನ ಸುಮಾರು ಒಂಬತ್ತು ಸಾವಿರ ಶಾಸನಗಳು ಅದರಲ್ಲಿ ಅಚ್ಚಾದವು. ಶಾಲಾ ಇನ್‌ಸ್ಪೆಕ್ಟರರೊಬ್ಬರಿಂದ ಶುರುವಾದ ಕೆಲಸ ಇದು!

ಇನ್ನು ನಮ್ಮವರೇ ಆದ ಆಲೂರು ವೆಂಕಟರಾಯರು? ಧಾರವಾಡದ ವಕೀಲರು. ಕೋರ್ಟು ಕಚೇರಿ ಬಿಟ್ಟು ಹಾಳು ಗುಡಿ, ಹಾಳು ಕೋಟೆ ಸುತ್ತಿ ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ನಾವೆಲ್ಲ ಒಂದು ಎಂಬ ಭಾವನೆ ಹುಟ್ಟಿಸಿದ ಪುಸ್ತಕಗಳಲ್ಲಿ ಅದು ಮೊದಲ ಸಾಲಿನದು. ಈಗ ನಾವು ಮೈಕಿನಲ್ಲಿ ಆಡುವ ‘ಗತವೈಭವ’ ಎಂಬ ಮಾತು ಅವರು ಕೊಟ್ಟದ್ದು. ಮಾತು ಇಟ್ಟುಕೊಂಡೆವು, ಅವರ ಹಾಗೆ ಊರೂರು ಸುತ್ತುವುದನ್ನು ಬಿಟ್ಟೆವು. ಟಂಕಸಾಲೆಯ ನೌಕರ, ಗಣಿ ಎಂಜಿನಿಯರು, ಶಾಲಾ ಇನ್‌ಸ್ಪೆಕ್ಟರು, ವಕೀಲ ಮಾಡಿದ ಕೆಲಸವನ್ನು ಆಟೋ ಓಡಿಸುವವರು, ಅಂಗಡಿ ಇಟ್ಟವರು, ಕಂಪ್ಯೂಟರ್ ಕಂಪನಿಯ ಹುಡುಗರು ಮಾಡಲಾರರೆ?

ಕಲ್ಲು ಹೇಳುವ ಕಥೆ ಯಾವ ಭಾಷಣದಲ್ಲೂ ಇಲ್ಲ

ಹಲ್ಮಿಡಿ ಶಾಸನದ ಹೆಸರು ಎಲ್ಲರಿಗೂ ಗೊತ್ತು. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನದು. ೧೯೩೬ರಲ್ಲಿ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. ೪೫೦. ಇಷ್ಟನ್ನು ಪರೀಕ್ಷೆಗಾಗಿ ಮಕ್ಕಳೂ ಬಾಯಿಪಾಠ ಮಾಡುತ್ತವೆ. ಆದರೆ ಅದರಲ್ಲಿ ಏನಿದೆ ಎಂದು ಕೇಳಿ ನೋಡಿ, ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ! ಕದಂಬರ ಕಾಲದಲ್ಲಿ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬ ವೀರನಿಗೆ ಎರಡು ಹಳ್ಳಿಗಳನ್ನು ‘ಬಾಳ್ಗಚ್ಚು’ ಆಗಿ ಕೊಟ್ಟ ವಿಷಯ ಅದರಲ್ಲಿದೆ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ನೆತ್ತರಾದ ಕತ್ತಿಯನ್ನು ತೊಳೆದು ಕೊಡುವ ಕೊಡುಗೆ! ಕೊಟ್ಟ ಹಳ್ಳಿಗಳಲ್ಲಿ ಒಂದರ ಹೆಸರು ಪಲ್ಮಿಡಿ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಲ್ಮಿಡಿಯೇ ಇಂದಿನ ಹಲ್ಮಿಡಿ. ಒಂದೂವರೆ ಸಾವಿರ ವರ್ಷದಿಂದ ಆ ಹಳ್ಳಿ ಅದೇ ಹೆಸರಿನಲ್ಲಿ ಬದುಕಿದೆ. ಮೈ ಜುಮ್ಮೆನ್ನುವುದಿಲ್ಲವೆ?

ಹಲ್ಮಿಡಿಯೇ ಕೊನೆಯ ಮಾತೂ ಅಲ್ಲ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ಗುಡಿಯಲ್ಲಿ ಉತ್ಖನನ ಮಾಡುವಾಗ ಸಿಂಹದ ಕಟಾಂಜನವೊಂದು ಸಿಕ್ಕಿತು. ಅದರ ಮೇಲಿನ ಬರಹ ಸುಮಾರು ಕ್ರಿ.ಶ. ೩೭೦ರದು, ಅಂದರೆ ಹಲ್ಮಿಡಿಗಿಂತ ಹಳೆಯದು ಎಂದು ಅದನ್ನು ಓದಿದ ವಿದ್ವಾಂಸರು ಹೇಳಿದ್ದಾರೆ. ಮಣ್ಣಿನಡಿ ಇನ್ನೂ ಏನೇನು ಕಾದಿದೆಯೋ!

ಬೆಂಗಳೂರಿನವರಿಗೆ ಒಂದು ಕಥೆ ಗೊತ್ತು. ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು ಎಂದು. ಕಥೆ ಚೆನ್ನಾಗಿದೆ. ಆದರೆ ಬೇಗೂರಿನ ಗುಡಿಯಲ್ಲಿರುವ ಗಂಗರ ಕಾಲದ ವೀರಗಲ್ಲನ್ನು ನೋಡಿ. ಸುಮಾರು ಕ್ರಿ.ಶ. ೮೯೦ರದು. ಅದರಲ್ಲಿ ‘ಬೆಂಗಳೂರ ಕಾಳಗ’ದಲ್ಲಿ ಮಡಿದವರ ಸ್ಮರಣೆ ಇದೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಬೆಂಗಳೂರು ಇತ್ತು, ಆ ಹೆಸರೂ ಇತ್ತು, ಅದಕ್ಕಾಗಿ ನೆತ್ತರೂ ಹರಿದಿತ್ತು! ಬೆಂಗಳೂರು ಯಾರದು ಎಂದು ಕೇಳುವವರಿಗೆ ನಾವು ಗಂಟಲು ಹರಿದುಕೊಳ್ಳಬೇಕಾಗಿಲ್ಲ. ಬೇಗೂರಿಗೆ ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ನಿಲ್ಲಿಸಿದರೆ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ತಕ್ಕೋಲದಲ್ಲಿ ಚೋಳರ ಮೇಲೆ ದೊಡ್ಡ ಯುದ್ಧವಾಯಿತು, ಕ್ರಿ.ಶ. ೯೪೯. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿ ಗೆದ್ದ. ಅವನ ಬಂಟ ಮಣಲೆರ. “ಏನು ಬೇಕು ಕೇಳು” ಎಂದು ಒಡೆಯ ಹೇಳಿದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ! ಮುಂದೆ ಆ ನಾಯಿ ಕಾಡುಹಂದಿಯ ಜೊತೆ ಸೆಣಸಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಗಲುತ್ತದೆ ಎಂದೂ ಬರೆಸಿದರು. ನಾಯಿ ಹಂದಿಗಳು ಎದುರುಬದುರಾಗಿ ನಿಂತ ಚಿತ್ರ ಆ ಕಲ್ಲಿನ ಮೇಲಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ನೋಡಿ ಬಂದ ಮೇಲೆ ನಮ್ಮ ಬೀದಿಯ ನಾಯಿಯನ್ನು ಕಂಡರೂ ನನಗೆ ಗೌರವ ಬಂದಿದೆ!

ಬಾದಾಮಿಯ ತಟ್ಟುಕೋಟಿಯ ಬಳಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. ೭೦೦. ಅದರಲ್ಲಿ ತ್ರಿಪದಿಗಳಿವೆ. ಅವನು ರಾಜನಲ್ಲ, ಒಬ್ಬ ವೀರ ಅಷ್ಟೇ. ಅವನನ್ನು ಹೊಗಳಲು ಬಳಸಿದ ಆ ಮೂರು ಸಾಲಿನ ಕಟ್ಟನ್ನೇ ನಮ್ಮ ಅಜ್ಜಿಯರು ರಾಗಿ ಬೀಸುವಾಗ ಹಾಡಿದರು, ಸರ್ವಜ್ಞ ಊರೂರಲ್ಲಿ ಹೇಳಿದ. ಓದು ಬರೆಹ ಕಾಣದ ಅಜ್ಜಿಯ ಬಾಯಲ್ಲಿದ್ದದ್ದೂ ಬಂಡೆಯ ಮೇಲಿದ್ದದ್ದೂ ಒಂದೇ ಎಂದು ಗೊತ್ತಾದ ದಿನ ನಾನು ನಮ್ಮಜ್ಜಿಯನ್ನು ನೆನೆದು ಅತ್ತಿದ್ದೇನೆ.

ಎಲ್ಲ ಕಲ್ಲೂ ಹೆಮ್ಮೆಯದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಕ್ರಿ.ಶ. ೧೦೫೭ರ ದೇಕಬ್ಬೆಯ ಶಾಸನವಿದೆ. ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದನೆಂದು ಗಂಡನಿಗೆ ಮರಣದಂಡನೆಯಾಯಿತು. ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹಾರಿದಳು. ತಂದೆತಾಯಿ, ಬಂಧುಬಳಗ ಬೇಡವೆಂದು ತಡೆದರು ಎಂದು ಕಲ್ಲೇ ಹೇಳುತ್ತದೆ. ಕಾವ್ಯದ ಹಾಗಿರುವ ಆ ಬರಹ ಓದಿದರೆ ಎದೆ ಭಾರವಾಗುತ್ತದೆ. ಗತಕಾಲವೆಂದರೆ ಬರೀ ವೈಭವವಲ್ಲ, ಬೆಂಕಿಯೂ ಇತ್ತು, ಕಣ್ಣೀರೂ ಇತ್ತು. ಹೆಮ್ಮೆಯದ್ದನ್ನಷ್ಟೇ ಓದಿ ಉಳಿದದ್ದನ್ನು ಮುಚ್ಚಿಡುವವನು ಇತಿಹಾಸಪ್ರೇಮಿಯಲ್ಲ, ಭಟ್ಟಂಗಿ.

ನಾನು ಮುಗ್ಗರಿಸಿದ ಕಥೆ

ನನ್ನ ಪೆದ್ದುತನವನ್ನೂ ಹೇಳಿಕೊಳ್ಳುತ್ತೇನೆ. ಓದಲು ಕಲಿತ ಹೊಸದರಲ್ಲಿ ಒಂದು ಊರಿನ ರಾಜ್ಯೋತ್ಸವಕ್ಕೆ ನನ್ನನ್ನು ಕರೆದರು. ಊರಿನ ಕಲ್ಲಿನಲ್ಲಿ ‘೧೦೯೦’ ಎಂಬ ವರ್ಷ ಸ್ಪಷ್ಟವಾಗಿ ಕಂಡಿತ್ತು. ವೇದಿಕೆ ಹತ್ತಿ, “ಈ ಕಲ್ಲು ಕ್ರಿಸ್ತಶಕ ೧೦೯೦ರದು, ಆರನೇ ವಿಕ್ರಮಾದಿತ್ಯನ ಕಾಲದ್ದು!” ಎಂದು ಘೋಷಿಸಿದೆ. ಹಾರ ಹಾಕಿದರು. ಕೆಳಗಿಳಿದ ಮೇಲೆ ನಿವೃತ್ತ ಕನ್ನಡ ಮೇಷ್ಟರೊಬ್ಬರು ಮೆಲ್ಲಗೆ ಪಕ್ಕಕ್ಕೆ ಕರೆದು, “ಅಪ್ಪಾ, ಅದು ಶಕವರ್ಷ. ಎಪ್ಪತ್ತೆಂಟು ಕೂಡಿಸಬೇಕು. ಪಕ್ಕದಲ್ಲಿ ಸರ್ವಧಾರಿ ಸಂವತ್ಸರ ಅಂತಲೂ ಇದೆ ನೋಡು. ೧೧೬೮ ಆಗುತ್ತೆ” ಎಂದರು. ನಾನು ನಾಲಗೆ ಕಚ್ಚಿಕೊಂಡೆ. ೧೧೬೮ ಎಂದರೆ ವಿಕ್ರಮಾದಿತ್ಯ ಸತ್ತು ನಲವತ್ತು ವರ್ಷವಾಗಿತ್ತು!

ಮುಂದಿನ ವರ್ಷ ಅದೇ ವೇದಿಕೆ ಹತ್ತಿ ತಪ್ಪೊಪ್ಪಿಕೊಂಡೆ. ಜನ ಹೆಚ್ಚು ಚಪ್ಪಾಳೆ ತಟ್ಟಿದ್ದು ಆವತ್ತೇ. ನಮ್ಮ ವೇದಿಕೆಗಳ ಮೇಲೆ ಹೀಗೆ ತಪ್ಪುಗಳು ದಿನವೂ ಉರುಳುತ್ತಿವೆ. ಒಬ್ಬ ಕನ್ನಡಕ್ಕೆ ಐದು ಸಾವಿರ ವರ್ಷ ಎನ್ನುತ್ತಾನೆ, ಇನ್ನೊಬ್ಬ ಹತ್ತು ಸಾವಿರ ಎನ್ನುತ್ತಾನೆ. ಯಾವ ಹರಾಜಿದು? ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿತಲ್ಲ, ಅದರ ಹಿಂದಿದ್ದ ಬಲ ಇಂಥ ಬೊಗಳೆಯಲ್ಲ, ಕಲ್ಲಿನ ಮೇಲಿನ ಅಕ್ಷರ. ನಮಗೆ ನಿಜವೇ ಬೇಕಾದಷ್ಟಿದೆ. ಸುಳ್ಳಿನ ಸಾಲ ಏಕೆ?

ಅರ್ಧ ಹೆಸರು

ಈಗ ಈ ಲೇಖನ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ.

ಹನ್ನೆರಡು ವರ್ಷದ ಹಿಂದಿನ ಮಾತು. ಬೆಂಗಳೂರಿನಿಂದ ಎರಡು ಗಂಟೆ ದಾರಿಯ ಒಂದು ಊರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಕಂಡೆ. ಅಡ್ಡ ಬಿದ್ದಿತ್ತು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ವೀರಗಲ್ಲನ್ನು ನೋಡುವ ಕ್ರಮ ನಿಮಗೂ ಗೊತ್ತಿರಲಿ. ಕೆಳಗಿನ ಅಂಕಣದಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತರೆ ‘ತುಱುಗೊಳ್’, ಊರಿನ ಮೇಲೆ ಬಿದ್ದವರನ್ನು ಎದುರಿಸಿ ಸತ್ತರೆ ‘ಊರಳಿವು’, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತರೆ ‘ಪೆಣ್ಬುಯ್ಯಲ್’. ಇವರು ರಾಜರಲ್ಲ. ನಿಮ್ಮ ನಮ್ಮ ಹಾಗೆ ಊರಿನಲ್ಲಿ ದನ ಕಾಯ್ದು, ಹೊಲ ಉತ್ತು ಬದುಕಿದವರು.

ಈ ಕಲ್ಲು ತುಱುಗೊಳ್‌ನದು. ಕೆಳಗಿನ ಅಂಕಣದಲ್ಲಿ ಹಸುಗಳ ಸಾಲು. ಹೊತ್ತು ಮುಳುಗುತ್ತಿತ್ತು. ನಾಲ್ಕು ಸಾಲು ಬಿಡಿಸಿಕೊಂಡೆ. ಯಾವುದೋ ಗಾವುಂಡನ ಮಗ. ಹೆಸರಿನ ಮೊದಲ ಅಕ್ಷರ ‘ಮಾ’. ಮುಂದಿನದು ಮಣ್ಣಿನಲ್ಲಿ ಹೂತಿತ್ತು. ಕತ್ತಲಾಯಿತು. ಮುಂದಿನ ಭಾನುವಾರ ಟಾರ್ಚು, ಹಾರೆ ತಂದು ಬಿಡಿಸಿ ಓದೋಣ ಎಂದುಕೊಂಡು ನೋಟುಬುಕ್ಕಿನಲ್ಲಿ ‘ಮಾ’ ಎಂದು ಬರೆದು ಚುಕ್ಕೆ ಇಟ್ಟು ಬಂದೆ. ಮುಂದಿನ ಭಾನುವಾರ ನೆಂಟರ ಮದುವೆ. ಅದರ ಮುಂದಿನ ಭಾನುವಾರ ಮಳೆ. ಮೂರನೇ ಭಾನುವಾರ ಹೋದರೆ ಕೆರೆ ಏರಿ ಅಗಲವಾಗಿದೆ! ಜಲ್ಲಿ ಹಾಕಿ ರೋಲರ್ ಓಡಿಸಿದ್ದಾರೆ. ಕಲ್ಲು ಎಲ್ಲಿ ಎಂದರೆ ಕೆಲಸದವನು, “ಮೋರಿ ಕಟ್ಟೋಕೆ ಬಳಸಿದ್ವಿ ಸಾರ್” ಎಂದ. ಇಳಿದು ನೋಡಿದೆ. ಕೈಲಾಸದ ಅಂಕಣ ಮಾತ್ರ ಮೋರಿಯ ಗೋಡೆಯಲ್ಲಿ ತಲೆಕೆಳಗಾಗಿ ಕಂಡಿತು. ಉಳಿದದ್ದು ಪುಡಿ.

ಬಟ್ಟೆ ಒಗೆಯಲು ಬಂದಿದ್ದ ಮುದುಕಿಯೊಬ್ಬಳನ್ನು ಮಾತಾಡಿಸಿದೆ. “ಅದ್ರ ಮ್ಯಾಲೆ ಅಕ್ಷರ ಇತ್ತಾ ಸ್ವಾಮಿ? ಗೆರೆ ಅಂದ್ಕಂಡಿದ್ವಿ. ಅಕ್ಷರ ಅಂತ ಗೊತ್ತಿದ್ರೆ ಕಾಲಿಕ್ತಿದ್ವಾ?” ಎಂದಳು.

ಆ ಮಾತು ಇವತ್ತಿಗೂ ಎದೆಯಲ್ಲಿ ನಾಟಿಕೊಂಡಿದೆ. ಕಂಟ್ರಾಕ್ಟರನನ್ನು ಬೈದೆ, ಕಾಗದ ಬರೆದೆ, ಕಚೇರಿಗಳಿಗೆ ಅಲೆದೆ. ಆದರೆ ರಾತ್ರಿ ಮಲಗಿದಾಗ ಬೈದುಕೊಂಡದ್ದು ನನ್ನನ್ನೇ. ಅವತ್ತು ಸಂಜೆ ಅದು ಅಕ್ಷರ ಎಂದು ಗೊತ್ತಿದ್ದವನು ಆ ಊರಿನಲ್ಲಿ ನಾನೊಬ್ಬನೇ. ಹತ್ತು ಹೆಜ್ಜೆ ದೂರದಲ್ಲಿ ಹೆಂಗಸರಿದ್ದರು, ಅರಳಿಕಟ್ಟೆಯಲ್ಲಿ ಗಂಡಸರಿದ್ದರು. ಯಾರಿಗೂ ಒಂದು ಮಾತು ಹೇಳಲಿಲ್ಲ. ಓದಿದ ಸುಖವನ್ನು ಜೇಬಿಗೆ ಹಾಕಿಕೊಂಡು ಮೊಪೆಡ್ ಏರಿ ಬಂದುಬಿಟ್ಟೆ. ಊರಿನ ದನ ಉಳಿಸಲು ಸತ್ತವನ ಹೆಸರಿನ ಒಂದು ಅಕ್ಷರ ನನ್ನ ನೋಟುಬುಕ್ಕಿನಲ್ಲಿದೆ. ಮಿಕ್ಕದ್ದು ರಸ್ತೆಯ ಅಡಿಯಲ್ಲಿದೆ. ಮಾರ? ಮಾಚ? ಮಾದ? ಇನ್ನು ಯಾರೂ ಹೇಳಲಾರರು.

ಸೂರ್ಯ ಚಂದ್ರ ಎಂದರೆ ನಿಧಿಯಲ್ಲ!

ಅಂದಿನಿಂದ ಒಂದು ನೇಮ ಮಾಡಿಕೊಂಡೆ. ಕಲ್ಲು ಓದಿದರೆ ಊರಿನವರಿಗೆ ಓದಿ ಹೇಳದೆ ಆ ಊರು ಬಿಡಬಾರದು.

ಇನ್ನೊಂದು ಊರಿನಲ್ಲಿ ದಾನಶಾಸನವೊಂದರ ಬುಡವನ್ನು ಯಾರೋ ರಾತ್ರಿ ಅಗೆದಿದ್ದರು. ನಿಂಬೆಹಣ್ಣು, ಕುಂಕುಮ ಬಿದ್ದಿತ್ತು. ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರ, ಹಸು ಕರು ಇದ್ದರೆ ಕೆಳಗೆ ನಿಧಿ ಇದೆ ಎಂಬ ಹುಚ್ಚು ನಂಬಿಕೆ ನಮ್ಮ ನಾಡಿನಲ್ಲಿ ಎಷ್ಟು ಕಲ್ಲುಗಳನ್ನು ಬಲಿ ತೆಗೆದುಕೊಂಡಿದೆಯೋ ದೇವರೇ ಬಲ್ಲ. ನಾನು ಜನ ಸೇರಿಸಿ ಹೇಳಿದೆ. “ಸೂರ್ಯ ಚಂದ್ರ ಎಂದರೆ ಅವು ಇರುವವರೆಗೆ ಈ ದಾನ ನಡೆಯಲಿ ಎಂದರ್ಥ, ನಿಧಿ ಎಂದಲ್ಲ. ಇದರಲ್ಲಿ ಬರೆದಿರುವುದು ನಿಮ್ಮ ಕೆರೆಯ ವಿಷಯ. ಕೆರೆಯ ಹೂಳೆತ್ತಿ ತೂಬು ನೋಡಿಕೊಳ್ಳುವವರಿಗೆ ಇಷ್ಟು ಗದ್ದೆ ಬಿಟ್ಟಿದೆ. ಇದಕ್ಕೆ ತಪ್ಪಿದವರಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದಿದೆ.” ಜನ ಸ್ತಬ್ಧರಾದರು. ಒಬ್ಬ ಹಿರಿಯರು, “ನಮ್ ಕೆರೆ ಅಷ್ಟು ಹಳೇದಾ?” ಎಂದು ಕೇಳಿದರು. ಮುಂದಿನ ಸಲ ಹೋದಾಗ ಹುಡುಗರೇ ಕಲ್ಲನ್ನು ಎತ್ತಿ ಅರಳಿಕಟ್ಟೆಯ ಪಕ್ಕ ನೆಟ್ಟಿದ್ದರು. ಒಂದು ಪೈಸೆ ಅನುದಾನವಿಲ್ಲ, ಒಂದು ಅರ್ಜಿಯಿಲ್ಲ. ಓದಿ ಹೇಳಿದ್ದು, ಅಷ್ಟೇ.

ಬೆಂಗಳೂರಿನಲ್ಲೂ ಹೀಗೆಯೇ ಆಯಿತು. ಸುಮಾರು ಕ್ರಿ.ಶ. ೭೫೦ರ ಕಿತ್ತಯ್ಯ ಎಂಬ ವೀರನ ಕಲ್ಲು ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂತು. ಹವ್ಯಾಸಿಗಳೂ ಊರಿನವರೂ ಸೇರಿ ಅದಕ್ಕೆ ಮಂಟಪ ಕಟ್ಟಿ ನಿಲ್ಲಿಸಿದರು. ಮಿಥಿಕ್ ಸೊಸೈಟಿಯವರು ೨೦೨೧ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಅಚ್ಚೊತ್ತಿ ಇಡುವ ಕೆಲಸ ಹಿಡಿದರು. ಮನಸ್ಸಿದ್ದರೆ ಮಾರ್ಗವಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಒಂದು ಕಹಿ ಮಾತು

ಇದನ್ನು ಬರೆದರೆ ಕೆಲವರಿಗೆ ಕೋಪ ಬರಬಹುದು, ಬರಲಿ. ಕೋಲಾರದ ಕಡೆ, ಬೆಂಗಳೂರಿನ ಸುತ್ತ ಚೋಳರ ಕಾಲದ ತಮಿಳು ಶಾಸನಗಳೂ ಇವೆ. ದೊಮ್ಮಲೂರಿನ ಚೊಕ್ಕನಾಥ ಗುಡಿಯಲ್ಲೇ ಇವೆ. ಒಮ್ಮೆ ಒಬ್ಬ ಹುಡುಗ ನನ್ನೆದುರಿಗೇ, “ತಮಿಳು ಕಲ್ಲು ತಾನೆ, ಇದ್ದರೆಷ್ಟು ಬಿಟ್ಟರೆಷ್ಟು?” ಎಂದ. ನಾನು ಅವನನ್ನು ಕೂರಿಸಿಕೊಂಡು ಕಂಚಿಯ ಕಥೆ ಹೇಳಿದೆ.

ನಮ್ಮ ಬಾದಾಮಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಎಂಟನೇ ಶತಮಾನದಲ್ಲಿ ಪಲ್ಲವರ ಕಂಚಿಯನ್ನು ಗೆದ್ದ. ಕೈಲಾಸನಾಥ ಗುಡಿಯ ಐಶ್ವರ್ಯ ಕಂಡ. ದೋಚಿದನೆ? ಇಲ್ಲ. ಅದನ್ನು ದೇವರಿಗೇ ಬಿಟ್ಟುಕೊಟ್ಟ. ಆ ವಿಷಯವನ್ನು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಸಾವಿರದ ಇನ್ನೂರು ವರ್ಷ ದಾಟಿದರೂ ಆ ಕನ್ನಡ ಶಾಸನ ತಮಿಳುನಾಡಿನ ನಡುವೆ ಉಳಿದಿದೆ. ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ್ದು ಉಳಿದಿದೆ. ದೂರದ ಮಧ್ಯಪ್ರದೇಶದ ಜೂರಾದಲ್ಲಿ ಮೂರನೇ ಕೃಷ್ಣನ ಕನ್ನಡ ಶಾಸನ ಸಿಕ್ಕಿದೆ. ಅಲ್ಲಿಯವರು “ಕನ್ನಡ ಕಲ್ಲು ತಾನೆ” ಎಂದು ಒಡೆದಿದ್ದರೆ? ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ಹಾಗೆ ಬರೆಸಿದವರಿಗೆ ಕನ್ನಡದ ಅಭಿಮಾನ ನಮಗಿಂತ ಕಡಿಮೆ ಇತ್ತೆ? ನಮ್ಮ ಹಕ್ಕಿನ ಹೋರಾಟ ಇಂದಿನ ಕೆಲಸಕ್ಕೆ, ಇಂದಿನ ಶಾಲೆಗೆ, ಇಂದಿನ ಆಡಳಿತಕ್ಕೆ. ಕಲ್ಲಿನ ಜೊತೆ ಜಗಳವಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ನಿಮ್ಮ ಊರಿನ ಹೆಸರು ಹುಡುಕಿ. ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಹಾಕಿ ಜೋಡಿಸಿದ್ದಾರೆ. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದವರು ಪರಿಷ್ಕರಿಸಿದ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿವೆ. ಉತ್ತರ ಕರ್ನಾಟಕದವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಿ. ಪುಸ್ತಕದಲ್ಲಿ ಇದ್ದು ಊರಿನಲ್ಲಿ ಕಾ‍ಣದಿದ್ದರೆ ಹುಡುಕಿ. ಊರಿನಲ್ಲಿದ್ದು ಪುಸ್ತಕದಲ್ಲಿ ಇಲ್ಲದಿದ್ದರೆ ಕುಣಿದಾಡಿ, ನಿಮಗೆ ಹೊಸ ಶಾಸನ ಸಿಕ್ಕಿರಬಹುದು! ಕೂಡಲೇ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಿ.

ಹಳೆಯ ಲಿಪಿಗೆ ಹೆದರಬೇಡಿ. ಹೊಯ್ಸಳರ ಕಾಲದ ಅಕ್ಷರ ನಾಲ್ಕಾರು ಭಾನುವಾರ ಕೂತರೆ ಕಣ್ಣಿಗೆ ಒಗ್ಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಇನ್ನಷ್ಟು ತಾಳ್ಮೆ ಬೇಕು. ಈಗ ಬಿಟ್ಟುಹೋಗಿರುವ ‘ಱ’, ‘ೞ’ ಎಂಬ ಎರಡು ಅಕ್ಷರಗಳ ಪರಿಚಯ ಮಾಡಿಕೊಳ್ಳಿ. ಓದುವಾಗ ಸೀಮೆಸುಣ್ಣ ತಿಕ್ಕಬೇಡಿ, ಬಣ್ಣ ಬಳಿಯಬೇಡಿ, ಆಸಿಡ್ ಹಾಕಲೇಬೇಡಿ. ಉಳಿ, ಕಬ್ಬಿಣದ ಬ್ರಷ್ಷು ಹತ್ತಿರ ತರಬೇಡಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಇಲ್ಲವೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಕಾಣದಿದ್ದ ಅಕ್ಷರ ತಾನೇ ಎದ್ದು ಬರುತ್ತದೆ. ಈಗ ಎಲ್ಲರ ಕೈಯಲ್ಲೂ ಫೋನಿದೆ. ಅವತ್ತು ನನ್ನ ಕೈಯಲ್ಲಿ ಚೆನ್ನಾದ ಒಂದು ಫೋಟೋ ಇದ್ದಿದ್ದರೆ ನಾನು ಓದಲಾಗದೆ ಬಿಟ್ಟ ಸಾಲುಗಳನ್ನಾದರೂ ಬಲ್ಲವರು ಓದುತ್ತಿದ್ದರು.

ಕೊನೆಯದಾಗಿ, ಸಂಘಗಳ ಗೆಳೆಯರಲ್ಲಿ ಒಂದು ಬೇಡಿಕೆ. ಈ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇರಲಿ, ನನ್ನ ತಕರಾರಿಲ್ಲ. ಆದರೆ ಬಾವುಟ ಹಾರಿಸುವ ಮೊದಲು ಊರಿನ ಒಂದು ಕಲ್ಲಿನ ಹತ್ತಿರ ಎಲ್ಲರೂ ನಡೆದು ಹೋಗಿ. ಬಲ್ಲವರೊಬ್ಬರನ್ನು ಕರೆಸಿ ಗಟ್ಟಿಯಾಗಿ ಓದಿಸಿ. ಬಟ್ಟೆ ಒಗೆಯುವ ಅಜ್ಜಿಯನ್ನೂ, ದನ ಮೇಯಿಸುವ ಹುಡುಗನನ್ನೂ, ರಸ್ತೆ ಕೆಲಸದ ಕಂಟ್ರಾಕ್ಟರನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ. ಆ ಕಲ್ಲನ್ನು ಉಳಿಸುವವರು ಅವರೇ.

ನಿಮ್ಮ ಊರಿನ ಕಲ್ಲಿನಲ್ಲಿ ಯಾರ ಹೆಸರಿದೆ? ಗೊತ್ತಿಲ್ಲದಿದ್ದರೆ ಈ ಭಾನುವಾರವೇ ಹೋಗಿ. ಮದುವೆ ಇದ್ದರೂ ಹೋಗಿ, ಮಳೆ ಬಂದರೂ ಹೋಗಿ. ನನ್ನ ಹಾಗೆ ಮೂರನೇ ಭಾನುವಾರಕ್ಕೆ ಬಿಡಬೇಡಿ.